ಪರೀಕ್ಷೆ ಬಂತೆಂದು ಹಾಡು ಬಿಡಬೇಡಿ: ಹದಿಹರೆಯದವರಿಗೆ 13 ಸೂತ್ರಗಳು

ಜನವರಿ ಬಂತೆಂದರೆ ಬಾಗಲೂರಿನ ಮನೆಗಳಲ್ಲಿ ಮೊದಲು ಕತ್ತರಿ ಬೀಳುವುದು ಸಂಗೀತದ ಪಾಠಕ್ಕೆ. ಟಿವಿ ಉಳಿಯುತ್ತದೆ, ಮೊಬೈಲ್ ಉಳಿಯುತ್ತದೆ, ಟ್ಯೂಷನ್ ಒಂದಿದ್ದದ್ದು ಎರಡಾಗುತ್ತದೆ. ವೀಣೆಗೆ ಮಾತ್ರ ಬಟ್ಟೆ ಹೊದಿಸಿ ಮೂಲೆಗೆ ಒರಗಿಸುತ್ತಾರೆ. "ಪಬ್ಲಿಕ್ ಪರೀಕ್ಷೆ ಮುಗೀಲಿ, ಆಮೇಲೆ ನೋಡೋಣ" ಅನ್ನುತ್ತಾರೆ. ಹಾಗೆ ಬಿಟ್ಟ ಪಾಠ ಎಷ್ಟೋ ಮನೆಗಳಲ್ಲಿ ಮತ್ತೆ ಶುರುವಾಗುವುದೇ ಇಲ್ಲ.

ಇದು ಬೆಂಗಳೂರು ವಿಮಾನ ನಿಲ್ದಾಣದ ಕಡೆಯ ಬಾಗಲೂರಲ್ಲ. ಹೊಸೂರಿನ ಪಕ್ಕದ, ಗುಲಾಬಿ, ಟೊಮೇಟೊ, ಕೋಸು ಬೆಳೆಯುವ ಗಡಿಯ ಬಾಗಲೂರು. ಒಂದು ಕಾಲಕ್ಕೆ ಪಾಳೆಯಪಟ್ಟು; ಈಗ 2004ರಲ್ಲಿ ಧರ್ಮಪುರಿಯಿಂದ ಬೇರೆಯಾದ ಕೃಷ್ಣಗಿರಿ ಜಿಲ್ಲೆಯ ಊರು. ಇಲ್ಲಿ ಮನೆಯಲ್ಲಿ ಕನ್ನಡ ಅಥವಾ ತೆಲುಗು, ಶಾಲೆಯಲ್ಲಿ ತಮಿಳು ಮತ್ತು ಇಂಗ್ಲಿಷ್, ಕೆಲಸ ಹುಡುಕುವುದು ಹೊಸೂರಿನ ಕಾರ್ಖಾನೆಯಲ್ಲಿ ಇಲ್ಲವೇ ಸರ್ಜಾಪುರದ ಕಡೆ. ಹತ್ತನೇ ತರಗತಿಗೆ 500 ಮಾರ್ಕು, ಪ್ಲಸ್ ಟೂಗೆ 600. ಅದರ ಮೇಲೆ ನೀಟ್, ಜೆಇಇ. ಇಷ್ಟರ ನಡುವೆ ಸರಳೆ ವರಸೆಗೆ ಜಾಗ ಎಲ್ಲಿದೆ ಎಂಬ ಪ್ರಶ್ನೆ ಸಹಜವೇ.

ಜಾಗ ಇದೆ, ಮಾಡಿಕೊಳ್ಳಬೇಕು ಅಷ್ಟೆ. ಹೇಗೆ ಎಂಬುದಕ್ಕೆ ಈ ಸೂತ್ರಗಳು.

1. ನಿಲ್ಲಿಸಬೇಡಿ, ಕುಗ್ಗಿಸಿ

ಸಾಧನೆಯನ್ನು ಪೂರ್ತಿ ನಿಲ್ಲಿಸಿದರೆ ಮೂರು ತಿಂಗಳಲ್ಲಿ ಬೆರಳೂ ಕಂಠವೂ ತುಕ್ಕು ಹಿಡಿಯುತ್ತವೆ. ಪೂರ್ತಿ ಮುಂದುವರಿಸಿದರೆ ಓದಿಗೆ ಹೊತ್ತು ಸಾಲದು. ನಡುದಾರಿ ಹೀಗಿರಲಿ: ಡಿಸೆಂಬರಿನ ಅರ್ಧವಾರ್ಷಿಕ ಪರೀಕ್ಷೆಯವರೆಗೆ ಎಂದಿನಂತೆ ಪಾಠ. ಜನವರಿ, ಫೆಬ್ರವರಿಯ ರಿವಿಷನ್ ಪರೀಕ್ಷೆಗಳ ಹೊತ್ತಿಗೆ ವಾರಕ್ಕೊಂದೇ ಕ್ಲಾಸು. ಮಾರ್ಚ್‌ನಲ್ಲಿ ಕ್ಲಾಸಿಗೆ ರಜೆ, ಮನೆಯಲ್ಲಿ ದಿನಕ್ಕೆ 20 ನಿಮಿಷ ಸಾಧನೆ.

ಆ ಇಪ್ಪತ್ತು ನಿಮಿಷದಲ್ಲಿ ಹೊಸದೇನೂ ಬೇಡ. ಐದು ನಿಮಿಷ ಮಂದ್ರದಲ್ಲಿ ಅಕಾರ, ಐದು ನಿಮಿಷ ಸರಳೆ ಮತ್ತು ಜಂಟಿ, ಉಳಿದ ಹತ್ತು ನಿಮಿಷ ಚೆನ್ನಾಗಿ ಬರುವ ಒಂದು ವರ್ಣ ಅಥವಾ ದೇವರನಾಮ. ಬರುವುದನ್ನೇ ಹಾಡಿದಾಗ ಮನಸ್ಸಿಗೆ ಸಿಗುವ ಸಮಾಧಾನ, ಬಾರದ ಸಂಗತಿಗೆ ತಲೆ ಚಚ್ಚಿಕೊಂಡಾಗ ಸಿಗದು. ಹೊಸ ಕೃತಿ ಮೇ ತಿಂಗಳಿಗೆ ಇರಲಿ.

ಹೊತ್ತನ್ನೂ ಗೊತ್ತು ಮಾಡಿಕೊಳ್ಳಿ. ಸಂಜೆ ಶಾಲೆಯಿಂದ ಬಂದು ಓದಲು ಕೂರುವ ಮುಂಚಿನ ಇಪ್ಪತ್ತು ನಿಮಿಷ ಒಳ್ಳೆಯದು. ಶಾಲೆಯ ಗದ್ದಲ ಅಲ್ಲಿಗೆ ಮುಗಿಯಿತು, ಇನ್ನು ನನ್ನ ಓದು ಎಂದು ಮನಸ್ಸಿಗೆ ಗೊತ್ತಾಗುತ್ತದೆ.

2. ಮಾರ್ಕಿನ ಆಸೆಗೆ ಸಂಗೀತ ಕಲಿಸಬೇಡಿ

"ಸಂಗೀತ ಕಲಿತರೆ ಬುದ್ಧಿ ಚುರುಕಾಗುತ್ತದೆ, ಗಣಿತದಲ್ಲಿ ನೂರಕ್ಕೆ ನೂರು ಬರುತ್ತದೆ" ಎಂಬ ಜಾಹೀರಾತನ್ನು ಪೂರ್ತಿ ನಂಬಬೇಡಿ. 1993ರಲ್ಲಿ ಅಮೆರಿಕದ ಸಂಶೋಧಕರು ಕಾಲೇಜು ವಿದ್ಯಾರ್ಥಿಗಳಿಗೆ ಮೊಜಾರ್ಟ್‌ನ ಒಂದು ಸೊನಾಟಾ ಹತ್ತು ನಿಮಿಷ ಕೇಳಿಸಿ ಒಂದು ಬಗೆಯ ಬುದ್ಧಿಪರೀಕ್ಷೆ ಕೊಟ್ಟರು. ಸ್ವಲ್ಪ ಏರಿಕೆ ಕಂಡಿತು; ಅದೂ ಹತ್ತು ಹದಿನೈದು ನಿಮಿಷದಲ್ಲಿ ಇಳಿದುಹೋಯಿತು. ಅಷ್ಟರಿಂದಲೇ "ಮೊಜಾರ್ಟ್ ಪರಿಣಾಮ" ಎಂಬ ವ್ಯಾಪಾರ ಜಗತ್ತಿನಾದ್ಯಂತ ನಡೆಯಿತು.

2004ರಲ್ಲಿ ಕೆನಡಾದಲ್ಲಿ 144 ಮಂದಿ ಆರು ವರ್ಷದ ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ, ಒಂದು ವರ್ಷ ಸಂಗೀತ ಕಲಿತವರ ಬುದ್ಧಿಸೂಚ್ಯಂಕ ಉಳಿದವರಿಗಿಂತ ಎರಡು ಮೂರು ಅಂಕದಷ್ಟು ಹೆಚ್ಚು ಏರಿತ್ತು. ಅದೇ ದೇಶದ ಬ್ರಿಟಿಷ್ ಕೊಲಂಬಿಯಾದಲ್ಲಿ 1,12,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ಅಂಕಪಟ್ಟಿ ನೋಡಿದಾಗ, ಪ್ರೌಢಶಾಲೆಯಲ್ಲಿ ಸಂಗೀತ ತೆಗೆದುಕೊಂಡವರು ಗಣಿತ, ವಿಜ್ಞಾನ, ಇಂಗ್ಲಿಷ್ ಮೂರರಲ್ಲೂ ಮುಂದಿದ್ದರು. ಸಂಗೀತದಿಂದಲೇ ಮುಂದೆ ಬಂದರೋ, ಶಿಸ್ತಿನ ಮಕ್ಕಳೇ ಸಂಗೀತಕ್ಕೆ ಸೇರಿದರೋ ಎಂದು ಅಂಕಪಟ್ಟಿ ಹೇಳುವುದಿಲ್ಲ. 2020ರಲ್ಲಿ ಹತ್ತಾರು ಪ್ರಯೋಗಗಳನ್ನು ಒಟ್ಟಿಗೆ ತೂಗಿದ ಮತ್ತೊಂದು ಅಧ್ಯಯನ, ಓದಿನ ಮೇಲೆ ಸಂಗೀತದ ನೇರ ಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ ಎಂದಿತು.

ಹಾಗಾದರೆ ಸಂಗೀತವೇಕೆ? ದಿನಾ ಕೂರುವ ಅಭ್ಯಾಸಕ್ಕೆ, ಉಸಿರಿನ ಹಿಡಿತಕ್ಕೆ, ತಪ್ಪಿದರೂ ಮತ್ತೆ ಮೊದಲಿನಿಂದ ಎತ್ತಿಕೊಳ್ಳುವ ತಾಳ್ಮೆಗೆ. ಎಲ್ಲಕ್ಕಿಂತ ಹೆಚ್ಚಾಗಿ ಸಂತೋಷಕ್ಕೆ. ಪರೀಕ್ಷೆಯ ಒತ್ತಡದಲ್ಲಿ ಕೈಗೆ ಬರುವುದು ಇವೇ.

3. ಒಂದೇ ವರ್ಷ ಎರಡು ಪರೀಕ್ಷೆ ಬೇಡ

ಸಂಗೀತದಲ್ಲೂ ಪರೀಕ್ಷೆಗಳಿಗೇನೂ ಬರವಿಲ್ಲ. ಕರ್ನಾಟಕದ ಕಡೆ ಜೂನಿಯರ್, ಸೀನಿಯರ್, ವಿದ್ವತ್. ಕೀಬೋರ್ಡ್, ಗಿಟಾರ್ ಕಲಿಯುವವರಿಗೆ ಲಂಡನ್ನಿನ ಟ್ರಿನಿಟಿ ಅಥವಾ ಎಬಿಆರ್‌ಎಸ್‌ಎಂನ ಎಂಟು ಗ್ರೇಡ್‌ಗಳು. ಟ್ರಿನಿಟಿಯಲ್ಲಿ ನೂರಕ್ಕೆ 60 ಬಂದರೆ ಪಾಸು, 75ಕ್ಕೆ ಮೆರಿಟ್, 87ಕ್ಕೆ ಡಿಸ್ಟಿಂಕ್ಷನ್. ಶಾಲೆಯ ಮಾರ್ಕಿನ ಚಿಂತೆಗೆ ಇದನ್ನೂ ಸೇರಿಸಿದರೆ ಮಗುವಿಗೆ ಹಾಡು ಕೂಡ ಸಿಲಬಸ್ ಆಗಿಬಿಡುತ್ತದೆ.

ಲೆಕ್ಕ ಹಾಕಿ ಯೋಜನೆ ಮಾಡಿ. ಜೂನಿಯರನ್ನೋ ಕೆಳಗಿನ ಗ್ರೇಡ್‌ಗಳನ್ನೋ ಎಂಟು, ಒಂಬತ್ತನೇ ತರಗತಿಯೊಳಗೆ ಮುಗಿಸಿ. ಹತ್ತರ ವರ್ಷ ಬಿಡುವು. ಮುಂದಿನ ಹಂತ ಪ್ಲಸ್ ಒನ್‌ನಲ್ಲಿ. ಪ್ಲಸ್ ಟೂನಲ್ಲಿ ಮತ್ತೆ ಬಿಡುವು. ಕೇಂದ್ರ ಸರ್ಕಾರದ ಸಿಸಿಆರ್‌ಟಿ ಪ್ರತಿಭಾ ವಿದ್ಯಾರ್ಥಿವೇತನಕ್ಕೆ ಪ್ರಯತ್ನಿಸುವವರು ಇನ್ನೂ ಮೊದಲೇ ಎಚ್ಚೆತ್ತುಕೊಳ್ಳಬೇಕು. ಅದು 10ರಿಂದ 14 ವರ್ಷದ ಮಕ್ಕಳಿಗೆ. ಸಿಬಿಎಸ್‌ಇ ಶಾಲೆಯವರು ಕರ್ನಾಟಕ ಸಂಗೀತವನ್ನೇ ಒಂದು ವಿಷಯವಾಗಿ ತೆಗೆದುಕೊಳ್ಳುವ ಅವಕಾಶ ತಮ್ಮ ಶಾಲೆಯಲ್ಲಿದೆಯೇ ಎಂದು ಕೇಳಿ ನೋಡಬಹುದು.

4. ಸರಳೆ ವರಸೆಯಂತೆ ಓದಿ

ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ಹೇಳುವ ಪಾಠಕ್ರಮ ಇಂದಿಗೂ ಬದಲಾಗಿಲ್ಲ. ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ, ಆಮೇಲೆ ಅಲಂಕಾರ, ಆಮೇಲೆ ಮಲಹರಿಯ ಪಿಳ್ಳಾರಿ ಗೀತೆ. ಪ್ರತಿಯೊಂದನ್ನೂ ಮೂರು ಕಾಲದಲ್ಲಿ ಹಾಡಬೇಕು. ಒಂದನೇ ಕಾಲ ಗಟ್ಟಿಯಾಗದೆ ಎರಡನೆಯದಕ್ಕೆ ಗುರುಗಳು ಬಿಡುವುದಿಲ್ಲ. ಓದಿಗೂ ಇದೇ ಕ್ರಮ ಸಾಕು.

ಮೊದಲ ಕಾಲ: ಪಾಠವನ್ನು ನಿಧಾನವಾಗಿ, ಅರ್ಥ ಮಾಡಿಕೊಂಡು ಓದಿ. ಎರಡನೇ ಕಾಲ: ಪುಸ್ತಕ ಮುಚ್ಚಿ, ನೆನಪಿನಿಂದ ಮುಖ್ಯಾಂಶ ಬರೆಯಿರಿ. ಮೂರನೇ ಕಾಲ: ಗಡಿಯಾರ ಇಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ. ನಮ್ಮಲ್ಲಿ ಬಹಳ ಮಕ್ಕಳು ಮೊದಲ ಕಾಲವನ್ನೇ ಹತ್ತು ಸಲ ಮಾಡುತ್ತಾರೆ. ಓದಿದ್ದನ್ನೇ ಓದುತ್ತಾರೆ, ಎಲ್ಲ ಬರುತ್ತದೆ ಅನ್ನಿಸುತ್ತದೆ, ಪ್ರಶ್ನೆಪತ್ರಿಕೆ ಕಂಡಾಗ ಏನೂ ಹೊಳೆಯುವುದಿಲ್ಲ.

2006ರಲ್ಲಿ ಅಮೆರಿಕದಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಇದನ್ನು ಅಳೆದು ನೋಡಿದರು. ಐದು ನಿಮಿಷದ ನಂತರ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ ಪರಿಸ್ಥಿತಿ ತಿರುಗಿತ್ತು: ಒಮ್ಮೆ ಓದಿ, ಒಮ್ಮೆ ಪುಸ್ತಕ ಮುಚ್ಚಿ ನೆನಪಿಸಿಕೊಂಡವರಿಗೆ ಶೇಕಡಾ 56, ಎರಡು ಸಲ ಓದಿದವರಿಗೆ ಶೇಕಡಾ 42. ಗುರುಗಳು ಒಂದು ಸಾಲು ಹಾಡಿ "ಈಗ ನೀನು ಹೇಳು" ಅನ್ನುವುದರ ಬೆಲೆ ಇದೇ.

5. ಎಡವಿದ ಜಾಗವನ್ನಷ್ಟೇ ತಿದ್ದಿ

ವರ್ಣದ ಒಂದು ಚಿಟ್ಟೆಸ್ವರದಲ್ಲಿ ಎಡವಿದರೆ ಬಲ್ಲ ಗುರುಗಳು ಇಡೀ ವರ್ಣವನ್ನು ಮೊದಲಿನಿಂದ ಹಾಡಿಸುವುದಿಲ್ಲ. ಎಡವಿದ ನಾಲ್ಕಕ್ಷರ ಹಿಡಿದು, ಅದರ ಹಿಂದಿನ ನಾಲ್ಕು, ಮುಂದಿನ ನಾಲ್ಕು ಸೇರಿಸಿ ನಿಧಾನವಾಗಿ ಹಾಡಿಸುತ್ತಾರೆ. ಗಣಿತದಲ್ಲೂ ಹಾಗೇ ಮಾಡಿ. ತ್ರಿಕೋನಮಿತಿ ಬರುವುದಿಲ್ಲ ಎಂದು ಇಡೀ ಅಧ್ಯಾಯವನ್ನು ಮತ್ತೆ ಓದಬೇಡಿ. ಯಾವ ಹೆಜ್ಜೆಯಲ್ಲಿ ಕೈ ನಿಲ್ಲುತ್ತದೆ? ಸೂತ್ರ ನೆನಪಾಗುವುದಿಲ್ಲವೋ, ಚಿಹ್ನೆ ತಪ್ಪುತ್ತದೋ? ಆ ಹೆಜ್ಜೆ ಇರುವ ಐದು ಲೆಕ್ಕ ಮಾಡಿ. ತಪ್ಪಿದ ಜಾಗಗಳಿಗೆಂದೇ ಒಂದು ತೆಳು ನೋಟ್‌ಬುಕ್ ಇಡಿ. ಪರೀಕ್ಷೆಯ ಹಿಂದಿನ ಸಂಜೆ ಅದೊಂದನ್ನೇ ತಿರುವಿ ಹಾಕಿದರೆ ಸಾಕು.

6. ಉಸಿರನ್ನು ತಾಳಕ್ಕೆ ಕಟ್ಟಿ

ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಅಂಗೈ ತಣ್ಣಗಾಗುವುದು, ಎದೆ ಹೊಡೆದುಕೊಳ್ಳುವುದು, ಓದಿದ್ದೆಲ್ಲ ಮರೆತಂತಾಗುವುದು ದೇಹದ ಸಹಜ ಎಚ್ಚರಿಕೆ. ಅದನ್ನು ಇಳಿಸಲು ಕೈಗೆಟುಕುವ ಹಿಡಿಕೆ ಉಸಿರು. ಉಸಿರು ಬಿಡುವಾಗ ಎದೆಬಡಿತ ತುಸು ನಿಧಾನವಾಗುತ್ತದೆ. ಬಿಡುವುದನ್ನು ಉದ್ದ ಮಾಡಿದಷ್ಟೂ ಒಳ್ಳೆಯದು. ಹಾಡುವವರು ಮಾಡುವುದು ಅದನ್ನೇ: ಚುಟುಕಾಗಿ ಉಸಿರೆಳೆದು, ಒಂದಿಡೀ ಸಾಲು ಹಾಡುತ್ತ ಬಿಡುತ್ತಾರೆ. 2013ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ 18 ವರ್ಷದ ವಿದ್ಯಾರ್ಥಿಗಳನ್ನು ಒಟ್ಟಿಗೆ ಹಾಡಿಸಿ ಎದೆಬಡಿತ ಅಳೆದರು. ನಿಧಾನದ ಹಾಡಿನ ಸಾಲುಗಳಿಗೆ ತಕ್ಕಂತೆ ಎಲ್ಲರ ಎದೆಬಡಿತ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುತ್ತಿತ್ತು.

ಪರೀಕ್ಷಾ ಕೊಠಡಿಯಲ್ಲಿ ಹಾಡುವಂತಿಲ್ಲ, ಆದರೆ ತಾಳ ಹಾಕಬಹುದು. ಮೇಜಿನ ಕೆಳಗೆ, ತೊಡೆಯ ಮೇಲೆ, ಸದ್ದಿಲ್ಲದೆ ಆದಿತಾಳ: ಒಂದು ಘಾತ, ಮೂರು ಬೆರಳೆಣಿಕೆ, ಮತ್ತೆ ಘಾತ ಮತ್ತು ಹುಸಿ, ಇನ್ನೊಮ್ಮೆ ಘಾತ ಮತ್ತು ಹುಸಿ. ಲಘುವಿನ ನಾಲ್ಕಕ್ಷರಕ್ಕೆ ಉಸಿರು ಒಳಗೆ. ಉಳಿದ ನಾಲ್ಕಕ್ಷರ ಮತ್ತು ಮುಂದಿನ ಆವರ್ತದ ಮೊದಲ ನಾಲ್ಕಕ್ಷರಕ್ಕೆ ಉಸಿರು ಹೊರಗೆ. ಐದಾರು ಸಲ ಮಾಡಿ. ಒಂದೆರಡು ನಿಮಿಷ ಹೋಗಬಹುದು, ಹೋಗಲಿ. ಗಾಬರಿಯಲ್ಲಿ ತಪ್ಪಾಗಿ ಬರೆದು ಹೊಡೆದುಹಾಕುವ ಹತ್ತು ನಿಮಿಷ ಉಳಿಯುತ್ತದೆ. ಪರೀಕ್ಷೆಯ ದಿನವೇ ಮೊದಲ ಸಲ ಮಾಡಬೇಡಿ. ಜನವರಿಯಿಂದ ಪ್ರತಿ ರಿವಿಷನ್ ಟೆಸ್ಟಿನಲ್ಲೂ ಮಾಡಿ ರೂಢಿ ಮಾಡಿಕೊಳ್ಳಿ.

7. ನಡುಕಕ್ಕೆ ಬೇರೆ ಹೆಸರಿಡಿ

ವೇದಿಕೆ ಹತ್ತಿದವರಿಗೆಲ್ಲ ನಡುಕ ಗೊತ್ತು. ಅದನ್ನು ಓಡಿಸಲು ಹೋದಷ್ಟೂ ಮೇಲೆ ಬೀಳುತ್ತದೆ. 2014ರಲ್ಲಿ ಹಾರ್ವರ್ಡ್‌ನ ಅಲಿಸನ್ ವುಡ್ ಬ್ರೂಕ್ಸ್ ಕರೋಕೆ ಹಾಡುವ ಮುಂಚೆ ಕೆಲವರಿಂದ "ನನಗೆ ಆತಂಕವಾಗುತ್ತಿದೆ" ಎಂದೂ ಕೆಲವರಿಂದ "ನನಗೆ ಹುರುಪು ಬಂದಿದೆ" ಎಂದೂ ಬಾಯಿಬಿಟ್ಟು ಹೇಳಿಸಿದರು. ಹುರುಪು ಎಂದವರು ಹೆಚ್ಚು ಸರಿಯಾಗಿ ಹಾಡಿದರು. ಗಣಿತದ ಪರೀಕ್ಷೆಯಲ್ಲೂ ಇದು ಕೆಲಸಕ್ಕೆ ಬಂತು. ಎದೆ ಹೊಡೆದುಕೊಳ್ಳುವುದು ಎರಡರಲ್ಲೂ ಒಂದೇ, ನೀವು ಕೊಡುವ ಹೆಸರು ಬೇರೆ.

ಭಯ ತೀರಾ ಹೆಚ್ಚಿದ್ದರೆ ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ಕುಳಿತು, ಏನು ಭಯ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಬಿಡಿ. 2011ರ ಒಂದು ಅಧ್ಯಯನದಲ್ಲಿ, ಒಂಬತ್ತನೇ ತರಗತಿಯ ಮಕ್ಕಳಲ್ಲಿ ಪರೀಕ್ಷಾಭಯ ಹೆಚ್ಚಿದ್ದವರು ಹೀಗೆ ಬರೆದಾಗ ಅವರ ಅಂಕ ಸುಧಾರಿಸಿತ್ತು. ಬರೆದ ಹಾಳೆ ಯಾರೂ ಓದಬೇಕಿಲ್ಲ, ಹರಿದು ಬಿಸಾಡಿ.

8. ಓದುವಾಗ ಹಾಡು ಹಾಕಬೇಡಿ

ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಸಿನಿಮಾ ಹಾಡು ಕೇಳುತ್ತ ಇತಿಹಾಸ ಓದಿದರೆ ತಲೆಗೆ ಹತ್ತುವುದು ಹಾಡು. ಮಾತಿರುವ ಸಂಗೀತ ಓದಿನ ಮಾತಿಗೆ ಅಡ್ಡ ಬರುತ್ತದೆ, ಮೆಚ್ಚಿನ ಹಾಡಾದರೂ ಅಷ್ಟೆ. ಹಾಡನ್ನು ಬಿಡುವಿಗೆ ಇಟ್ಟುಕೊಳ್ಳಿ: ಐವತ್ತು ನಿಮಿಷ ಓದು, ಆಮೇಲೆ ಒಂದು ಹಾಡು, ಫೋನು ಇನ್ನೊಂದು ಕೋಣೆಗೆ. ಹೊಸೂರು ಚಂದ್ರಚೂಡೇಶ್ವರನ ತೇರು, ಊರ ಹಬ್ಬಗಳ ಮೈಕು ಪರೀಕ್ಷೆಯ ಆಸುಪಾಸಿನಲ್ಲೇ ಬರುವುದರಿಂದ ಆ ದಿನಗಳಲ್ಲಿ ಬರೆಯುವ ಕೆಲಸ, ಲೆಕ್ಕ, ಚಿತ್ರ ಬಿಡಿಸುವುದು ಇಟ್ಟುಕೊಳ್ಳಿ. ಬಾಯಿಪಾಠದ್ದನ್ನು ಬೆಳಗಿನ ಜಾವಕ್ಕೆ ಉಳಿಸಿ.

9. ಮೂರು ಭಾಷೆಯನ್ನು ಬಂಡವಾಳ ಮಾಡಿಕೊಳ್ಳಿ

ಗಡಿಯ ಮಗುವಿಗೆ ಒಂದು ಹೆಚ್ಚಿನ ಭಾರವಿದೆ. ತಮಿಳುನಾಡು 2006ರಲ್ಲಿ ತಮಿಳು ಕಲಿಕೆಯ ಕಾಯ್ದೆ ತಂದು ಒಂದನೇ ತರಗತಿಯಿಂದ ವರ್ಷಕ್ಕೊಂದರಂತೆ ತಮಿಳನ್ನು ಕಡ್ಡಾಯ ಮಾಡುತ್ತ ಬಂತು. 2015-16ಕ್ಕೆ ಅದು ಹತ್ತನೇ ತರಗತಿ ಮುಟ್ಟಿತು. ಕನ್ನಡ, ತೆಲುಗು, ಉರ್ದು ಮನೆಮಾತಿನ ಮಕ್ಕಳಿಗೆ ವಿನಾಯಿತಿ ಬೇಕೆಂದು ಕೋರ್ಟು ಹತ್ತಬೇಕಾಯಿತು. ಆ ವಾದ ದೊಡ್ಡವರು ನೋಡಿಕೊಳ್ಳಲಿ. ಓದುವ ಹುಡುಗ, ಹುಡುಗಿಗೆ ಮಾರ್ಚ್‌ನಲ್ಲಿ ಬೇಕಾದದ್ದು ಭಾಷೆಯ ಮೇಲಿನ ಸಲುಗೆ.

ಕರ್ನಾಟಕ ಸಂಗೀತ ಆ ಸಲುಗೆ ಕೊಡುತ್ತದೆ. ದಾಸರ ಪದಗಳು ಕನ್ನಡ, ತ್ಯಾಗರಾಜರು ತೆಲುಗು, ಪಾಪನಾಶಂ ಶಿವನ್ ಮತ್ತು ಭಾರತಿಯಾರ್ ತಮಿಳು. ಬೇರೆ ಊರಿನ ಮಕ್ಕಳು ಸಾಹಿತ್ಯದ ಅರ್ಥ ಬರೆದುಕೊಂಡು ಕಲಿಯಬೇಕು. ಬಾಗಲೂರು, ಬೇರಿಗೈ, ತಳಿಯ ಮಗುವಿಗೆ ಮೂರೂ ಬೀದಿಯಲ್ಲೇ ಕಿವಿಗೆ ಬಿದ್ದಿರುತ್ತವೆ. ಹತ್ತಿರದ ತೊರಪ್ಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದ ರಾಜಾಜಿ ತಮಿಳಿನಲ್ಲೂ ಇಂಗ್ಲಿಷಿನಲ್ಲೂ ಹಾಡು ಬರೆದರು. ಅವರ ಇಂಗ್ಲಿಷ್ ಪ್ರಾರ್ಥನೆಯನ್ನು ಎಂ.ಎಸ್. ಸುಬ್ಬುಲಕ್ಷ್ಮಿ 1966ರಲ್ಲಿ ವಿಶ್ವಸಂಸ್ಥೆಯಲ್ಲಿ ಹಾಡಿದರು. ವಾರಕ್ಕೊಂದು ತಮಿಳು ಕೃತಿಯ ಸಾಹಿತ್ಯವನ್ನು ತಮಿಳು ಲಿಪಿಯಲ್ಲೇ ಬರೆದು ಕಲಿಯಿರಿ. ಕಾಗುಣಿತದ ತಪ್ಪು ತಾನಾಗಿ ಕಡಿಮೆಯಾಗುತ್ತದೆ.

10. ಪಾಠಪುಸ್ತಕದಲ್ಲೇ ಸಂಗೀತ ಹುಡುಕಿ

ಭೌತಶಾಸ್ತ್ರದಲ್ಲಿ ತಂತಿಯ ಕಂಪನ ಅರ್ಥವಾಗುತ್ತಿಲ್ಲವೇ? ವೀಣೆ ಎದುರಿಗಿಟ್ಟುಕೊಳ್ಳಿ. ತಂತಿಯ ಸರಿ ಅರ್ಧದಲ್ಲಿ ಒತ್ತಿದರೆ ತಾರ ಷಡ್ಜ, ಮೂರರಲ್ಲಿ ಎರಡು ಭಾಗ ಉಳಿಯುವಂತೆ ಒತ್ತಿದರೆ ಪಂಚಮ. ಉದ್ದ ಅರ್ಧವಾದರೆ ಆವೃತ್ತಿ ಇಮ್ಮಡಿ ಎಂಬ ನಿಯಮ ಬೆರಳಿಗೇ ಗೊತ್ತಾಯಿತು. ಮೃದಂಗ ಕಲಿಯುವವರಿಗೆ ಸಿ.ವಿ. ರಾಮನ್ ಇದ್ದಾರೆ. ಸಾಧಾರಣ ಚರ್ಮವಾದ್ಯದ ಉಪಸ್ವರಗಳು ಒಂದಕ್ಕೊಂದು ಹೊಂದುವುದಿಲ್ಲ. ಮೃದಂಗ, ತಬಲಾದ ನಡುವಿನ ಕಪ್ಪು ಕರಣೆ ಅವನ್ನು ತಂತಿವಾದ್ಯದಂತೆ ಸರಿಯಾದ ಅನುಪಾತಕ್ಕೆ ತರುತ್ತದೆ ಎಂದು ಅವರು 1920ರಲ್ಲೇ ತೋರಿಸಿದರು.

ಗಣಿತಕ್ಕೆ ತಾಳ ಸಾಕು. ಎಂಟಕ್ಷರದ ಆದಿತಾಳದಲ್ಲಿ ಐದಕ್ಷರದ ಜತಿಯನ್ನು ಬಿಡದೆ ನುಡಿಸುತ್ತ ಹೋದರೆ ಮತ್ತೆ ಸಮಕ್ಕೆ ಬಂದು ಸೇರುವುದು 40ನೇ ಅಕ್ಷರ ಮುಗಿದಾಗ, ಐದು ಆವರ್ತಕ್ಕೆ. ಅದೇ ಲಸಾಅ.

ನೆನಪಿನ ಕಲೆಗೆ ಕಟಪಯಾದಿ ನೋಡಿ. ಮಾಯಾಮಾಳವಗೌಳದ ಮೊದಲ ಎರಡಕ್ಷರ ಮಾ ಮತ್ತು ಯಾ. ಮ ಐದು, ಯ ಒಂದು; ತಿರುಗಿಸಿದರೆ 15, ಅದೇ ಮೇಳದ ಸಂಖ್ಯೆ. ಧೀರಶಂಕರಾಭರಣದ ಧೀ ಒಂಬತ್ತು, ರ ಎರಡು, ತಿರುಗಿಸಿದರೆ 29. ಎಪ್ಪತ್ತೆರಡು ಮೇಳಗಳ ಸಂಖ್ಯೆಯನ್ನು ಹೆಸರಿನೊಳಗೇ ಅಡಗಿಸಿದ ಈ ಉಪಾಯವನ್ನು ಇತಿಹಾಸದ ಇಸವಿಗೂ ರಸಾಯನಶಾಸ್ತ್ರದ ಪರಮಾಣು ಸಂಖ್ಯೆಗೂ ಬಳಸಿ. ಗೆಳೆಯರೊಂದಿಗೆ ಕೂತು ಪದ ಕಟ್ಟಿದರೆ ಬಾಯಿಪಾಠವೇ ಆಟವಾಗುತ್ತದೆ.

11. ದನಿ ಒಡೆದರೆ ಹೆದರಬೇಡಿ, ನಿದ್ದೆ ಕೆಡಬೇಡಿ

ಗಂಡುಮಕ್ಕಳಿಗೆ ಹದಿಮೂರು, ಹದಿನಾಲ್ಕರ ಹೊತ್ತಿಗೆ ದನಿ ಒಡೆಯುತ್ತದೆ. ನಿನ್ನೆ ಐದು ಮನೆ ಶ್ರುತಿಯಲ್ಲಿ ಹಾಡಿದವನಿಗೆ ಇಂದು ಪಂಚಮವೇ ಸಿಗುವುದಿಲ್ಲ. ಅದೇ ಹೊತ್ತಿಗೆ ಹತ್ತನೇ ತರಗತಿಯೂ ಎದುರಿಗೆ ನಿಂತಿರುತ್ತದೆ. ಎಷ್ಟೋ ಹುಡುಗರು ನಾಚಿಕೆಯಿಂದ ಪಾಠ ಬಿಡುವುದು ಆಗಲೇ. ಶ್ರುತಿ ಇಳಿಸಿ, ಕಿರುಚಬೇಡಿ, ಮಂದ್ರದಲ್ಲಿ ಹಾಡಿ. ಕೆಲವು ತಿಂಗಳು ವಾದ್ಯವೋ ತಾಳವೋ ಕಲಿಯಿರಿ. ದನಿ ನೆಲೆ ನಿಲ್ಲುತ್ತದೆ, ಮೊದಲಿಗಿಂತ ಗಟ್ಟಿಯಾಗಿಯೇ ನಿಲ್ಲುತ್ತದೆ.

ನಿದ್ದೆಯ ವಿಚಾರದಲ್ಲಿ ಚೌಕಾಸಿ ಬೇಡ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕೆಂಬುದು ವೈದ್ಯರ ಮಾತು. ಹಗಲು ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗುವುದು ನಿದ್ದೆಯಲ್ಲಿ. ಬೆರಳು ಕಲಿತ ಗಮಕಕ್ಕೂ ತಲೆ ಕಲಿತ ಸಮೀಕರಣಕ್ಕೂ ಇದು ಒಂದೇ. ರಾತ್ರಿ ಎರಡರವರೆಗೆ ಕೂತವನು ಬೆಳಿಗ್ಗೆ ಹತ್ತಕ್ಕೆ ಪರೀಕ್ಷೆಯಲ್ಲಿ ತೂಕಡಿಸುತ್ತಾನೆ.

12. ಅಪ್ಪ ಅಮ್ಮಂದಿರು ಕಿವಿಯಾಗಿ, ತೀರ್ಪುಗಾರರಾಗಬೇಡಿ

"ಹಾಡಿದ್ದು ಸಾಕು, ಓದು" ಎಂದು ಮಾರ್ಚ್‌ನಲ್ಲೂ, "ಇಷ್ಟು ದುಡ್ಡು ಕೊಟ್ಟು ಕಲಿಸಿದೆ, ನೆಂಟರ ಮುಂದೆ ಒಂದು ಹಾಡು ಹೇಳು" ಎಂದು ಮೇ ತಿಂಗಳಲ್ಲೂ ಅನ್ನುವವರು ಒಬ್ಬರೇ. ಎರಡೂ ಬೇಡ. ಪಕ್ಕದ ಮನೆಯವರ ಮಗಳ 490ರ ಮಾತು ಊಟದ ಹೊತ್ತಿನಲ್ಲಿ ಎತ್ತಬೇಡಿ. ಮಗು ಸಾಧನೆಗೆ ಕೂತಾಗ ಐದು ನಿಮಿಷ ಪಕ್ಕದಲ್ಲಿ ಸುಮ್ಮನೆ ಕೂತು ಕೇಳಿ, ತಿದ್ದಲು ಹೋಗಬೇಡಿ. ಆಗ ಮಗು ತಾನಾಗಿ ಮಾತಿಗೆ ಬರುತ್ತದೆ, ಶಾಲೆಯಲ್ಲಿ ಏನಾಯಿತು ಎಂದು ಹೇಳುತ್ತದೆ.

ಗುರುಗಳೊಂದಿಗೂ ಡಿಸೆಂಬರಿನಲ್ಲೇ ಮಾತಾಡಿ: ಮಾರ್ಚ್‌ನ ಬಿಡುವು, ಫೀಸು, ಏಪ್ರಿಲ್ ಕೊನೆಯಲ್ಲಿ ಮತ್ತೆ ಸೇರುವ ದಿನ. ದಿನ ಗೊತ್ತಾಗಿದ್ದರೆ ಪಾಠ ನಿಂತುಹೋಗುವುದಿಲ್ಲ.

ಕೆಲವು ಲಕ್ಷಣಗಳನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬೇಡಿ. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರದು, ಇಷ್ಟವಿದ್ದ ಹಾಡೂ ಬೇಡವಾಗಿದೆ, "ನಾನಿದ್ದು ಏನು ಪ್ರಯೋಜನ" ಎಂಬ ಮಾತು ಬಂದಿದೆ. ಇದು ಸಂಗೀತದಿಂದ ಇಳಿಯುವ ಒತ್ತಡವಲ್ಲ. ವೈದ್ಯರನ್ನು ಕಾಣಿ. ಟೆಲಿ-ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಸೇವೆಯ ಹಿಂದೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಮಕ್ಕಳ ಸಹಾಯವಾಣಿ 1098.

13. ಫಲಿತಾಂಶದ ಮರುದಿನವೂ ಸಾಧನೆಗೆ ಕೂರಿ

ಮೇ ತಿಂಗಳಲ್ಲಿ ಫಲಿತಾಂಶ. ಅಂದುಕೊಂಡಷ್ಟು ಬರಲಿ, ಬಾರದಿರಲಿ, ಮರುದಿನ ಅದೇ ಹೊತ್ತಿಗೆ ಅದೇ ಇಪ್ಪತ್ತು ನಿಮಿಷ ಶ್ರುತಿ ಹಾಕಿ ಕೂರಿ. ಒಂದು ವಿಷಯ ಹೋದರೆ ಜೂನ್, ಜುಲೈ ಹೊತ್ತಿಗೆ ಮರುಪರೀಕ್ಷೆ ಇದೆ, ವರ್ಷ ಹಾಳಾಗುವುದಿಲ್ಲ.

ಓದು ಮತ್ತು ಹಾಡು ಒಟ್ಟಿಗೆ ಹೋಗುತ್ತವೆಯೇ ಎಂದು ಕೇಳುವವರಿಗೆ ಇಬ್ಬರ ಹೆಸರು ಸಾಕು. ಪಿಟೀಲು ವಿದ್ವಾಂಸ ಎಲ್. ಸುಬ್ರಮಣ್ಯಂ ಮದ್ರಾಸಿನಲ್ಲಿ ವೈದ್ಯಕೀಯ ಓದಿದವರು. ಗಾಯಕ ಸಂಜಯ್ ಸುಬ್ರಹ್ಮಣ್ಯನ್ ಚಾರ್ಟರ್ಡ್ ಅಕೌಂಟೆಂಟ್ ಪರೀಕ್ಷೆ ಪಾಸಾದವರು. ಸಂಗೀತವನ್ನೇ ಓದಬೇಕು ಎನ್ನುವವರಿಗೂ ದಾರಿಯಿದೆ: ಕೃಷ್ಣಗಿರಿಯಲ್ಲೇ ಜಿಲ್ಲಾ ಸರ್ಕಾರಿ ಸಂಗೀತ ಶಾಲೆಯಿದೆ, ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ವಿಶ್ವವಿದ್ಯಾಲಯವಿದೆ.

ಹದಿಮೂರನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ. ನಿಮ್ಮ ಮನೆಗೆ ಹೊಂದುವ ಮೂರನ್ನು ಆರಿಸಿ, ಒಂದು ಕಾಗದದಲ್ಲಿ ಬರೆದು ಓದುವ ಮೇಜಿನ ಮುಂದೆ ಅಂಟಿಸಿ, ಜನವರಿಯಿಂದ ಮಾರ್ಚ್‌ವರೆಗೆ ಬಿಡದೆ ಮಾಡಿ. ಪರೀಕ್ಷೆ ಮೂರು ವಾರದಲ್ಲಿ ಮುಗಿಯುತ್ತದೆ, ಕಲಿತ ಸಂಗೀತ ಬದುಕಿನುದ್ದಕ್ಕೂ ಜೊತೆಗಿರುತ್ತದೆ. ಮೊದಲನೆಯದರ ಹೆಸರಿನಲ್ಲಿ ಎರಡನೆಯದನ್ನು ಕೈಬಿಡಬೇಡಿ.